ಹೆಸ್ಟರ್ ಹಾವು ಆರಿಸಿದ ಚಳಿಗಾಲ

ನಮ್ಮ ಪಕ್ಕದ ಮನೆಯ ಡೆನೀಸ್ ಮಿಜ್ಲಿಗೆ ಹ್ಯಾಲಿಫ್ಯಾಕ್ಸ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಯ ಒಂದು ಸಲೂನ್ ಇದೆ. ದಿನವಿಡೀ ಊರ ಹೆಂಗಸರ ಕೂದಲಿನ ನಡುವೆಯೇ ಬದುಕುವವಳು ಅವಳು. ಅವಳ ಒಬ್ಬಳೇ ಮಗಳು ಹೆಸ್ಟರ್‌ಗೆ ಮಾತ್ರ ಕೂದಲೆಂದರೆ ಆಗುತ್ತಿರಲಿಲ್ಲ. ಮನುಷ್ಯರದ್ದಲ್ಲ, ಪ್ರಾಣಿಗಳದ್ದು. ಬೆಕ್ಕು ಹತ್ತಿರ ಸುಳಿದರೆ ಕಣ್ಣು ಊದಿಕೊಳ್ಳುತ್ತಿತ್ತು, ನಾಯಿ ಮಡಿಲೇರಿದರೆ ಎದೆಯಲ್ಲಿ ಸೀಟಿ ಹೊಡೆಯುತ್ತಿತ್ತು. ಒಂಬತ್ತನೇ ವಯಸ್ಸಿನಲ್ಲಿ ಸೋದರಮಾವನ ಮನೆಗೆ ಹೋದವಳು ನಾಯಿಮರಿಯನ್ನು ತಬ್ಬಿಕೊಂಡು ಮಲಗಿ, ಮೂರು ದಿನ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಬಂದಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರೂ ನಾಯಿಯ ಮಾತೆತ್ತಲಿಲ್ಲ. ಆದರೆ ಹುಡುಗಿ ಬೀದಿಯಲ್ಲಿ ಯಾರದಾದರೂ ನಾಯಿ ಕಂಡರೆ ನಾಲ್ಕು ಮಾರು ದೂರದಲ್ಲಿ ನಿಂತು, ಅದು ತಿರುವು ದಾಟುವವರೆಗೂ ನೋಡುತ್ತಿದ್ದಳು. ಅದನ್ನು ನಾನು ನನ್ನ ಅಡುಗೆಮನೆಯ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೇನೆ.

ನಾನೆಂದರೆ ಮಾರ್ಜರಿ ಪಿಕಲ್ಸ್. ಟಾಫಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಡಬ್ಬ ತುಂಬುವ ಕೆಲಸ ಮಾಡಿ ನಿವೃತ್ತಳಾಗಿ ಮನೆಗೆ ಬಂದವಳು. ಮದುವೆಯಾಗಲಿಲ್ಲ. ಡೆನೀಸಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯಾಚೆಯ ಹೆಸ್ಟರಳ ಕೆಮ್ಮು ಕೇಳಿಯೇ ಹೊರಗೆ ಎಷ್ಟು ಚಳಿ ಇದೆಯೆಂದು ನಾನು ಹೇಳಬಲ್ಲವಳಾಗಿದ್ದೆ.

ಹೆಸ್ಟರ್‌ಗೆ ಹದಿನಾಲ್ಕು ತುಂಬಿದ ವಾರ ಡೆನೀಸ್ ಸಂಜೆ ನನ್ನ ಹಿಂಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

“ಟೀ ಇಡಿ ಮಾರ್ಜರಿ. ಸ್ವಲ್ಪ ಗಟ್ಟಿಯಾಗೇ ಇಡಿ.”

“ಏನಾಯ್ತೇ?”

“ಹಾವು ಬೇಕಂತೆ.”

“ಯಾರಿಗೆ?”

“ಇನ್ಯಾರಿಗೆ, ನಮ್ಮ ಮಹಾರಾಣಿಗೆ. ‘ಕೂದಲಿಲ್ಲದ ಪ್ರಾಣಿ ಯಾವುದಾದ್ರೂ ಆಗ್ಲಿ ಅಂತ ನೀನೇ ಹೇಳಿದ್ದೆ’ ಅಂತಾಳೆ. ನಾನು ಮೀನು ಮನಸ್ಸಲ್ಲಿಟ್ಕೊಂಡು ಹೇಳಿದ್ದು! ಹಾವಿಗೆ ಕೂದಲಿಲ್ಲ ಅನ್ನೋದು ನನ್ನ ತಲೆಗೆ ಹೊಳೀಲೇ ಇಲ್ಲ.”

“ನೀನೇನಂದೆ?”

“ಏನನ್ನಲಿ? ಕೊಟ್ಟ ಮಾತು ಕೊಟ್ಟಾಯ್ತು. ಶನಿವಾರ ಅಂಗಡಿಗೆ ಹೋಗ್ತಿದ್ದೀವಿ. ನೀವೂ ಬನ್ನಿ, ಯಾರಾದ್ರೂ ನನ್ನ ಕೈ ಹಿಡ್ಕೋಬೇಕು.”

ಹಾಗೆ ನಾವು ಮೂವರೂ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಮಿಸ್ಟರ್ ಹಾರ್ಸ್‌ಫಾಲ್ ಅವರ ಅಂಗಡಿಗೆ ಹೋದೆವು. ಪಾಳುಬಿದ್ದಿದ್ದ ಒಂದು ಹಳೆಯ ಪ್ರಾರ್ಥನಾ ಮಂದಿರದ ನೆಲಮಾಳಿಗೆ ಅದು. ಹಾರ್ಸ್‌ಫಾಲ್ ಮೊದಲು ರತ್ನಗಂಬಳಿ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ಗಿರಣಿ ಮುಚ್ಚಿದ ಮೇಲೆ ಹಾವು, ಹಲ್ಲಿ, ಆಮೆ ಮಾರಲು ಕೂತರು. ಆಗಲೇ ಎಪ್ಪತ್ತು ದಾಟಿತ್ತು. ಒಣಕಲು ಮನುಷ್ಯ. ಹಾವಿನ ಪೆಟ್ಟಿಗೆ ತೊಳೆಯುವಾಗಲೂ ಕುತ್ತಿಗೆಗೆ ಟೈ ಕಟ್ಟಿರುತ್ತಿದ್ದರು. ಬಾಗಿಲಿನ ಮೇಲೆ ಅವರೇ ಕೈಯಲ್ಲಿ ಬರೆದು ಅಂಟಿಸಿದ ಚೀಟಿ: “ಗಾಜು ಬಡಿಯಬೇಡಿ. ನಾನು ಬಂದು ನಿಮ್ಮ ಮನೆಯ ಕಿಟಕಿ ಬಡಿಯುತ್ತೇನೆಯೇ?”

ಒಳಗೆ ಬೆಚ್ಚಗಿತ್ತು. ಡೆನೀಸ್ ಬಾಗಿಲ ಬಳಿಯೇ ನಿಂತಳು. ಹೆಸ್ಟರ್ ಮಾತ್ರ ಯಾರೋ ಕೈಹಿಡಿದು ಕರೆದೊಯ್ದವಳಂತೆ ಸೀದಾ ಮೂಲೆಯ ಒಂದು ಪೆಟ್ಟಿಗೆಯ ಮುಂದೆ ಹೋಗಿ ಮಂಡಿಯೂರಿ ಕೂತಳು. ಅಲ್ಲೊಂದು ಬಿಳಿ ಹಾವಿನ ಮರಿ ಇತ್ತು. ಹಾಲಿನಲ್ಲಿ ಅಲ್ಲಲ್ಲಿ ಕಿತ್ತಳೆ ರಸದ ಹನಿ ಬಿದ್ದಂಥ ಮೈ, ದಾಳಿಂಬೆ ಕಾಳಿನಂಥ ಕಣ್ಣು. ನಿಜ ಹೇಳಬೇಕೆಂದರೆ ನನಗೂ ಅದು ಚೆಂದವೇ ಕಂಡಿತು.

“ಇದು,” ಅಂದಳು ಹೆಸ್ಟರ್.

“ಇವತ್ತು ಹಾವು ಕೊಡಲ್ಲ ಚಿನ್ನ,” ಅಂದರು ಹಾರ್ಸ್‌ಫಾಲ್.

“ನನ್ನ ಹುಟ್ಟುಹಬ್ಬದ ದುಡ್ಡು ತಂದಿದ್ದೀನಿ. ಅಮ್ಮನೂ ಬಂದಿದ್ದಾಳೆ. ಹದಿನಾರರ ಒಳಗಿನವರಿಗೆ ದೊಡ್ಡವರು ಜೊತೇಲಿರಬೇಕು ಅಂತ ನನಗೂ ಗೊತ್ತು.”

“ಗೊತ್ತಿರೋದು ಒಳ್ಳೇದೇ. ಹಾವು ಎಲ್ಲಿರುತ್ತೆ ಅಂತ ಗೊತ್ತಾ?”

“ನನ್ನ ಕೋಣೇಲಿ.”

“ಪೆಟ್ಟಿಗೆ ಇದೆಯಾ?”

ಇಲ್ಲವೆಂದು ಹೆಸ್ಟರ್ ತಲೆಯಾಡಿಸಿದಳು.

“ಮೊದಲು ಪೆಟ್ಟಿಗೆ ತಗೊಂಡು ಹೋಗು. ಒಂದು ಮೂಲೆ ಬೆಚ್ಚಗೆ, ಇನ್ನೊಂದು ಮೂಲೆ ತಂಪು. ಮೂರು ವಾರ ಖಾಲಿ ಪೆಟ್ಟಿಗೇನೇ ಹಾವಿನ ಥರ ಸಾಕು. ದಿನಕ್ಕೆ ಮೂರು ಸಲ ಶಾಖ ಎಷ್ಟಿದೆ ಅಂತ ಬರೆದಿಡು. ಏನೇ ಆದ್ರೂ ಇದ್ದದ್ದು ಇದ್ದ ಹಾಗೇ ಬರೆದಿಡು. ಖಾಲಿ ಪೆಟ್ಟಿಗೆ ನಿನ್ನ ಕೈಯಲ್ಲಿ ಸಾಯದೆ ಉಳಿದ್ರೆ ಆಮೇಲೆ ಹಾವಿನ ಮಾತು.”

ಡೆನೀಸಳ ಮುಖ ಅರಳಿತು. “ಖಾಲಿ ಪೆಟ್ಟಿಗೇನಾ? ಎಷ್ಟು ಚೆನ್ನಾಗಿದೆ ಮಿಸ್ಟರ್ ಹಾರ್ಸ್‌ಫಾಲ್! ನಮಗೆ ಇದೇ ಸಾಕು. ಇದಕ್ಕೇನು ಹೆಸರಿಡೋಣ ಹೇಳೇ?”

ಹೆಸ್ಟರ್ ನಗಲಿಲ್ಲ.

ಮೂರಡಿ ಉದ್ದದ ಗಾಜಿನ ಮುಂಬಾಗಿಲ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತು ತಂದೆವು. ಕೆಳಗೆ ಒಂದು ಕಡೆ ಬಿಸಿ ಹಾಸು, ಅದು ಮಿತಿ ಮೀರದಂತೆ ನೋಡಿಕೊಳ್ಳುವ ಒಂದು ಸಣ್ಣ ಯಂತ್ರ, ಆ ಯಂತ್ರದಿಂದ ಹೊರಟು ಪೆಟ್ಟಿಗೆಯೊಳಗೆ ಅಂಟಿಕೊಂಡು ಶಾಖ ಅಳೆಯಬೇಕಾದ ಒಂದು ತಂತಿ. ಒಳಗೆ ಹಾಸಲು ಎಲ್ಲರೂ ಮರದ ಹೊಟ್ಟು ಬಳಸುತ್ತಾರೆ. ಹೆಸ್ಟರಳ ಎದೆಗೆ ಆ ಧೂಳು ಒಗ್ಗುವುದಿಲ್ಲವೆಂದು ಹಾರ್ಸ್‌ಫಾಲ್ ತಾವೇ ಯೋಚಿಸಿ, ಅಡುಗೆಮನೆಯ ಒರೆಸುವ ಕಾಗದವೇ ಸಾಕು ಎಂದಿದ್ದರು. ಅವಿತುಕೊಳ್ಳಲು ಎರಡು ಸಣ್ಣ ಗೂಡು, ಒಂದು ನೀರಿನ ಬಟ್ಟಲು. ಎಲ್ಲ ಸಜ್ಜಾಯಿತು. ಒಳಗೆ ಇರಬೇಕಾದವರು ಮಾತ್ರ ಇರಲಿಲ್ಲ.

ಸುದ್ದಿ ಬೀದಿಗೆಲ್ಲ ಹರಡಿತು. ಅಂಚೆಯವನು ಬಾಗಿಲಲ್ಲಿ ನಿಂತು, “ಹೇಗಿದೆ ಕಣಮ್ಮ ನಿನ್ನ ಗಾಳಿ? ಊಟಗೀಟ ಮಾಡ್ತಿದೆಯಾ?” ಅಂತ ಕೇಳುತ್ತಿದ್ದ. ಸಲೂನಿಗೆ ಬರುವ ಹೆಂಗಸರು, “ಹಾಸಿಗೆ ಹಾಕಿ ಮಗುವಿಗೆ ಕಾಯ್ತಿದ್ದಾಳಂತೆ ನಿನ್ನ ಮಗಳು,” ಎಂದು ಡೆನೀಸಳನ್ನು ರೇಗಿಸುತ್ತಿದ್ದರು. ಹೆಸ್ಟರ್ ಯಾರಿಗೂ ಉತ್ತರ ಕೊಡದೆ ಬೆಳಿಗ್ಗೆ ಏಳಕ್ಕೆ, ಶಾಲೆಯಿಂದ ಬಂದಮೇಲೆ ನಾಲ್ಕಕ್ಕೆ, ಮಲಗುವ ಮುಂಚೆ ಒಂಬತ್ತಕ್ಕೆ ಶಾಖ ನೋಡಿ ಒಂದು ಹಸಿರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಹನ್ನೆರಡನೆಯ ದಿನ ಸಂಜೆ ಅವಳು ನನ್ನ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತು ಅಳತೊಡಗಿದಳು.

“ನಲವತ್ತಾರು ಡಿಗ್ರಿ ಆಂಟಿ. ತಂತಿಯ ಅಂಟು ಬಿಟ್ಟು ಪೆಟ್ಟಿಗೆಯಿಂದ ಹೊರಗೆ ಬಿದ್ದಿತ್ತು. ಯಂತ್ರ ನನ್ನ ಕಿಟಕಿಯ ಚಳಿ ನೋಡ್ಕೊಂಡು ಒಳಗೆ ಬಿಸಿ ಏರಿಸ್ತಾ ಇತ್ತು. ಬೆಳಿಗ್ಗೆಯಿಂದ ಹಾಗೇ ಇತ್ತೋ ಏನೋ. ಹಾವಿದ್ದಿದ್ರೆ ಸತ್ತೇ ಹೋಗಿರೋದು.”

“ಇರಲಿಲ್ವಲ್ಲ ಮಗಳೇ.”

“ಇದ್ದಿದ್ರೆ?”

ಒಂದು ಬಿಸ್ಕತ್ತು ಕೊಟ್ಟೆ. ಅವಳು ಅದನ್ನು ಕೈಯಲ್ಲೇ ಹಿಡಿದು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ತಾಯಿ ಮಗಳ ಮಾತು ಕೇಳಿಸಿತು.

“ಇನ್ನೊಂಬತ್ತು ದಿನ ಬಾಕಿ ಇದೆ ಅಷ್ಟೆ. ಆ ಒಂದು ಪುಟ ಹರಿದು ಹಾಕು. ಆ ಮುದುಕನಿಗೇನು ಕನಸು ಬೀಳುತ್ತಾ?”

“ಅವರಿಗೆ ಬೀಳಲ್ಲ. ನನಗೆ ಬೀಳುತ್ತೆ.”

ತಂತಿಯನ್ನು ಸ್ಕ್ರೂ ಹಾಕಿ ಬಿಗಿದಳು. ಯಾರೂ ಹೇಳದಿದ್ದರೂ ಮೂರು ವಾರವನ್ನು ಮೊದಲನೆಯ ದಿನದಿಂದ ಮತ್ತೆ ಶುರು ಮಾಡಿದಳು. ಅವಳು ದೊಡ್ಡವಳಾಗುತ್ತಿದ್ದಾಳೆ ಎಂದು ನನಗೆ ಮೊದಲು ಅನ್ನಿಸಿದ್ದು ಆಗ. ಎತ್ತರದಲ್ಲಿ ಆಗಿನ್ನೂ ನನ್ನ ಭುಜಕ್ಕೂ ಬರುತ್ತಿರಲಿಲ್ಲ.

ನವೆಂಬರ್ ಮುಗಿಯುವ ಹೊತ್ತಿಗೆ ನೋಟ್‌ಬುಕ್ ಹಿಡಿದು ಮತ್ತೆ ನೆಲಮಾಳಿಗೆಗೆ ಇಳಿದೆವು. ಹಾರ್ಸ್‌ಫಾಲ್ ಕನ್ನಡಕ ಏರಿಸಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ಪುಟ ತಿರುವಿದರು. ಒಂದು ಕಡೆ ನಿಂತರು.

“ಇದೇನು, ನಲವತ್ತಾರು?”

ನಡೆದದ್ದನ್ನು ಹೆಸ್ಟರ್ ಹೇಳಿದಳು.

“ಇದನ್ನ ಯಾಕೆ ಬರೆದೆ?”

“ಏನೇ ಆದ್ರೂ ಇದ್ದ ಹಾಗೇ ಬರೆದಿಡು ಅಂದಿದ್ರಲ್ಲ.”

ಹಾರ್ಸ್‌ಫಾಲ್ ನೋಟ್‌ಬುಕ್ ಮುಚ್ಚಿ ಅವಳ ಕೈಗೆ ಕೊಟ್ಟರು. ಹಿಂದೆ ಹೋಗಿ ನಾಲ್ಕು ಲೋಟ ಟೀ ಮಾಡಿಕೊಂಡು ಬಂದರು. ಆ ಮನುಷ್ಯ ಗಿರಾಕಿಗಳಿಗೆ ಟೀ ಕೊಟ್ಟದ್ದನ್ನು ಯಾರೂ ಕಂಡಿಲ್ಲವೆಂದು ಆಮೇಲೆ ತಿಳಿಯಿತು.

“ಈಗ ನೋಡೋಣ ಬಾ,” ಅಂದರು.

ಮೊದಲು ತೋರಿಸಿದ್ದು ಆಫ್ರಿಕದ ಒಂದು ಗಿಡ್ಡ ಹೆಬ್ಬಾವು. ಅದು ಹೆಸ್ಟರಳ ಅಂಗೈಯಲ್ಲಿ ಮುಷ್ಟಿಯಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟಿತು.

“ನಾಚಿಕೆ ಸ್ವಭಾವ ಇದಕ್ಕೆ. ಕಚ್ಚಲ್ಲ ಅಂತಾನೇ ಹೇಳಬಹುದು. ಆದ್ರೆ ಮುನಿಸಿಕೊಂಡ್ರೆ ನಾಲ್ಕು ತಿಂಗಳು ಊಟ ಮುಟ್ಟಲ್ಲ. ಅದಕ್ಕೇನೂ ಆಗಲ್ಲ, ಸಾಕಿದವರ ನಿದ್ದೆ ಹೋಗುತ್ತೆ. ಮೂವತ್ತು ವರ್ಷ ಬದುಕುತ್ತೆ.”

“ಮೂವತ್ತು!” ಅಂದಳು ಡೆನೀಸ್. “ನನ್ನ ಮದುವೆ ಮೂರು ವರ್ಷ ಬಾಳಲಿಲ್ಲ.”

ಎರಡನೆಯದು ಕಪ್ಪು ಬಿಳುಪು ಪಟ್ಟೆಯ ಚುರುಕು ಹಾವು. “ಇವನು ಹೊಟ್ಟೆಬಾಕ. ಕೈ ಕಂಡ್ರೂ ಊಟ ಅಂದ್ಕೋತಾನೆ,” ಎಂದು ಹಾರ್ಸ್‌ಫಾಲ್ ಹೇಳುತ್ತಿರುವಾಗಲೇ ಅದು ನನ್ನ ಕಡೆಗೆ ಬಾಲ ತಿರುಗಿಸಿ ನನ್ನ ಹೊಸ ಕೋಟಿನ ತೋಳಿನ ಮೇಲೆ ಹೊಲಸು ಚಿಮ್ಮಿಸಿತು. ಆ ನಾತ ಹೇಳತೀರದು. ಡೆನೀಸ್ ನಕ್ಕು ನಕ್ಕು ಗೋಡೆಗೆ ಒರಗಿದಳು. ಅಂಗಡಿಯ ಒಳಗೆ ಮೂರು ಹೆಜ್ಜೆ ಬಂದಿದ್ದೇನೆ ಎಂಬುದನ್ನೇ ಅವಳು ಮರೆತಿದ್ದಳು.

ಮೂರನೆಯದು ಜೋಳದ ಹಾವು. ಅಮೆರಿಕದ ರೈತರ ಕಣಜಗಳಿಗೆ ಇಲಿಯ ಬೆನ್ನಟ್ಟಿ ಬರುವ ಜಾತಿಯಂತೆ, ಅದಕ್ಕೇ ಆ ಹೆಸರು. ಹೆಸ್ಟರ್ ಮೊದಲ ದಿನ ಕಂಡ ಬಿಳಿ ಮರಿಯೂ ಇದೇ ಜಾತಿಯದು. ಅದರ ಪಕ್ಕದ ಪೆಟ್ಟಿಗೆಯಲ್ಲಿ ಅದೇ ವಯಸ್ಸಿನ ಇನ್ನೊಂದಿತ್ತು. ಇದು ಕಂದು ಮೈಯ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆಯ ತೀರ ಸಾದಾ ಮರಿ. “ಮೊದಲ ಹಾವು ಅಂದ್ರೆ ನಾನು ಇದನ್ನೇ ಹೇಳೋದು. ಸಾಧು. ಇಪ್ಪತ್ತು ವರ್ಷ ಇರುತ್ತೆ. ಎರಡರಲ್ಲಿ ಯಾವುದು ಅನ್ನೋದು ನಿನಗೆ ಬಿಟ್ಟದ್ದು.”

ಹೆಸ್ಟರಳ ಕಣ್ಣು ಬಿಳಿಯದರ ಮೇಲೆಯೇ ಇತ್ತು. ಆದರೆ ಅವಳು ಕೇಳಿದ್ದು ಬೇರೆ.

“ಇವು ಊಟ ಮಾಡೋದನ್ನ ನಾನು ನೋಡಬಹುದಾ?”

ಹಾರ್ಸ್‌ಫಾಲ್ ಡೆನೀಸಳ ಕಡೆ ತಿರುಗಿದರು. “ಇಪ್ಪತ್ತೆರಡು ವರ್ಷದಿಂದ ಇಲ್ಲಿ ನಿಂತಿದ್ದೀನಿ ತಾಯಿ. ಬಣ್ಣ ಕೇಳಿದವರು ಸಾವಿರ ಜನ. ಹೊಟ್ಟೆ ಕೇಳಿದವಳು ಇವಳೊಬ್ಬಳು.”

ಗುರುವಾರ ಊಟದ ದಿನ. ಸತತ ಮೂರು ಗುರುವಾರ ಹೆಸ್ಟರ್ ಶಾಲೆಯಿಂದ ನೇರ ಅಲ್ಲಿಗೆ ಹೋದಳು. ಡೆನೀಸಳಿಗೆ ಕೆಲಸವಿರುತ್ತಿದ್ದರಿಂದ ಜೊತೆಗೆ ನಾನು ಹೋಗುತ್ತಿದ್ದೆ, ಹಳೆಯ ಕೋಟು ಹಾಕಿಕೊಂಡು. ಕೊಂದು ಹೆಪ್ಪುಗಟ್ಟಿಸಿದ ಗುಲಾಬಿ ಬಣ್ಣದ ಇಲಿಮರಿಗಳನ್ನು ಬಿಸಿನೀರಿನಲ್ಲಿಟ್ಟು ಹದಮಾಡಿ ಹಾರ್ಸ್‌ಫಾಲ್ ಇಕ್ಕಳದಲ್ಲಿ ಹಿಡಿದು ಒಡ್ಡುತ್ತಿದ್ದರು. ಕಂದು ಮರಿ ಮೊದಲ ವಾರವೇ ಚಂಗನೆ ಬಂದು ಹಿಡಿಯಿತು. ಎರಡನೆಯ ವಾರವೂ ಹಿಡಿಯಿತು. ಮೂರನೆಯ ವಾರ ಪೆಟ್ಟಿಗೆಯ ಬಾಗಿಲು ತೆರೆಯುವ ಮುಂಚೆಯೇ ಮೂಗು ಗಾಜಿಗೆ ಒತ್ತಿ ಕಾಯುತ್ತಿತ್ತು. ನುಂಗಿದ ಮೇಲೆ ಒಂದು ಸಲ ದೊಡ್ಡದಾಗಿ ಆಕಳಿಸಿ, ಗೂಡಿನೊಳಗೆ ಹೋಗಿ ಮಲಗಿಬಿಡುತ್ತಿತ್ತು. ಬಿಳಿ ಮರಿ ಮೊದಲ ವಾರ ಇಲಿಯನ್ನು ಮೂಸಿ ಮುಖ ತಿರುಗಿಸಿತು. ಎರಡನೆಯ ವಾರ ಅರ್ಧ ನುಂಗಿ ಉಗುಳಿತು. ಮೂರನೆಯ ವಾರ ಮುಟ್ಟಲೇ ಇಲ್ಲ.

ಹೆಸ್ಟರ್ ಅದರ ಮುಂದೆ ಬಹಳ ಹೊತ್ತು ಕೂತಿದ್ದಳು.

“ನನ್ನ ಮನೆಗೆ ಬಂದ್ರೆ ತಿನ್ನಬಹುದೇನೋ.”

“ತಿನ್ನಬಹುದು. ತಿನ್ನದೇನೂ ಇರಬಹುದು,” ಅಂದರು ಹಾರ್ಸ್‌ಫಾಲ್. “ಮೊದಲ ಹಾವನ್ನ ‘ಬಹುದು’ ನಂಬ್ಕೊಂಡು ತಗೋಬಾರದು ಚಿನ್ನ.”

“ಹಾಗಾದ್ರೆ ಇದನ್ನ ಯಾರು ತಗೋತಾರೆ?”

“ಇದು ಸರಿಯಾಗಿ ತಿನ್ನೋವರೆಗೂ ಯಾರಿಗೂ ಕೊಡಲ್ಲ. ಇದನ್ನ ತಿನ್ನಿಸೋದು ನನ್ನ ಕೆಲಸ. ನಿನ್ನದಲ್ಲ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಕಿಂಗ್ ಕ್ರಾಸ್ ಬಡಾವಣೆ ದಾಟಿದ ಮೇಲೆ ತಿರುಗಿ, “ಕಂದು ಬಣ್ಣದ್ದೇ ಆಂಟಿ,” ಅಂದಳು. ಆಮೇಲೆ, “ಇಪ್ಪತ್ತು ವರ್ಷ ಆದ್ಮೇಲೆ ನನಗೆ ಮೂವತ್ನಾಲ್ಕು. ನಡುವೆ ನಾನು ಓದೋಕೆ ಅಂತ ಬೇರೆ ಊರಿಗೆ ಹೋದ್ರೆ ಇದನ್ನ ನೋಡ್ಕೊಳ್ಳೋರು ಯಾರು ಅಂತ ಮಿಸ್ಟರ್ ಹಾರ್ಸ್‌ಫಾಲ್ ಒಂದು ಹೆಸರು ಕೇಳಿದ್ದಾರೆ. ಅಮ್ಮ ಇಲಿ ಮುಟ್ಟಲ್ಲ. ನಿಮ್ಮ ಹೆಸರು ಬರೀಲಾ?”

ನನಗೆ ಇಳಿಯುವ ನಿಲ್ದಾಣ ತಪ್ಪೀತೆಂಬ ಯೋಚನೆ. “ಹೂಂ, ಬರಿಯೇ,” ಅಂದೆ.

ಕ್ರಿಸ್‌ಮಸ್ಸಿಗೆ ಎಂಟು ದಿನ ಮುಂಚೆ ಡೆನೀಸ್ ಕಾಗದಕ್ಕೆ ಸಹಿ ಹಾಕಿದಳು, ಹಾವು ಮನೆಗೆ ಬಂತು. ಬಟ್ಟೆಯ ಚೀಲದಲ್ಲಿ ಕಟ್ಟಿ, ಕೋಟಿನ ಒಳಗೆ ಎದೆಗಿಟ್ಟುಕೊಂಡು ಹೆಸ್ಟರ್ ಅದನ್ನು ತಂದಳು. ನವೆಂಬರಿನ ಬೆಂಕಿಹಬ್ಬಕ್ಕೆ ನಮ್ಮಲ್ಲಿ ಶುಂಠಿ ಬೆಲ್ಲ ಹಾಕಿ ಮಾಡುವ ಕಂದು ಕೇಕಿಗೆ ಪಾರ್ಕಿನ್ ಎನ್ನುತ್ತಾರೆ. ಹಾವಿನ ಬಣ್ಣ ಥೇಟ್ ಅದೇ. ಅದಕ್ಕೆ ಪಾರ್ಕಿನ್ ಎಂದೇ ಹೆಸರಾಯಿತು. ಡೆನೀಸ್ ಒಂದು ಪುಟ್ಟ ಹಳೇ ಫ್ರೀಜರ್ ಕೊಂಡು ಹಿತ್ತಿಲ ಇದ್ದಿಲು ಕೋಣೆಯಲ್ಲಿಟ್ಟಳು. “ನನ್ನ ಬಟಾಣಿ ಪಕ್ಕದಲ್ಲಿ ಇಲಿ ಮಲಗೋದು ಬೇಡ,” ಅಂದಳು.

ಹೆಸ್ಟರ್ ಮೊದಲ ವಾರ ಅದನ್ನು ಮುಟ್ಟಲಿಲ್ಲ, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಎಂದು. ಎಂಟನೆಯ ದಿನ ಊಟ ಕೊಟ್ಟಳು, ತಿಂದಿತು. ಮತ್ತೆರಡು ದಿನ ಬಿಟ್ಟು ಕೈಗೆ ತೆಗೆದುಕೊಂಡಳು. ಆ ಸಂಜೆ ನಾನು ಅಲ್ಲೇ ಇದ್ದೆ. ಹಾವು ಅವಳ ಬೆರಳುಗಳ ಸಂದಿನಲ್ಲಿ ನುಸುಳಿ, ಮಣಿಕಟ್ಟು ಸುತ್ತಿ, ತೋಳೇರಿ, ಕುತ್ತಿಗೆಯ ಬಳಿ ನಿಂತಿತು. ಡೆನೀಸಳೂ ನಾನೂ ಅಭ್ಯಾಸಬಲದಿಂದ ಅವಳ ಎದೆಯ ಆ ಸೀಟಿಗಾಗಿ ಕಿವಿಗೊಟ್ಟೆವು. ಸೀಟಿ ಬರಲಿಲ್ಲ. ಕಣ್ಣು ಊದಲಿಲ್ಲ. ಡೆನೀಸ್ ಅಡುಗೆಮನೆಗೆ ಹೋಗಿ ಅಗತ್ಯವಿಲ್ಲದೆ ಪಾತ್ರೆಗಳನ್ನು ತೊಳೆಯತೊಡಗಿದಳು.

ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಹಾವು ಕಾಣೆಯಾಯಿತು.

ಪೆಟ್ಟಿಗೆಯ ಗಾಜಿನ ಬಾಗಿಲಿಗೆ ಒಂದು ಸಣ್ಣ ಬೀಗವಿತ್ತು. ಹಿಂದಿನ ದಿನ ನೀರು ಬದಲಿಸಿದ ಹೆಸ್ಟರ್ ಅದನ್ನು ಸಿಕ್ಕಿಸಲು ಮರೆತಿದ್ದಳು. ಗಾಜು ಬೆರಳಗಲ ಸರಿದಿತ್ತು, ಅಷ್ಟೇ. ಹಾಸಿಗೆ ಎತ್ತಿದರು, ಬೀರು ಸರಿಸಿದರು, ಬೂಟುಗಳನ್ನು ಒಂದೊಂದಾಗಿ ಕೊಡವಿದರು. ಸಿಗಲಿಲ್ಲ. ಹಾರ್ಸ್‌ಫಾಲ್‌ಗೆ ಫೋನು ಮಾಡಿದರೆ ಅವರು, “ಗೋಡೆಯ ಬುಡದುದ್ದಕ್ಕೂ ಹಿಟ್ಟು ಚೆಲ್ಲು. ಅದು ಗೋಡೆ ಬಿಟ್ಟು ನಡೆಯಲ್ಲ. ಗುರುತು ಬೀಳುತ್ತೆ,” ಅಂದರು.

ದಿನಾ ಸಂಜೆ ಹೆಸ್ಟರ್ ಹಿಟ್ಟಿನ ಗೆರೆ ಎಳೆಯುವುದು, ದಿನಾ ಬೆಳಿಗ್ಗೆ ಮಂಡಿಯೂರಿ ಟಾರ್ಚು ಹಿಡಿದು ನೋಡುವುದು. ಐದನೆಯ ಬೆಳಿಗ್ಗೆ ಅವಳ ಮನೆಯ ಮಹಡಿಯ ಬಚ್ಚಲಲ್ಲಿ ಹಿಟ್ಟಿನ ಮೇಲೊಂದು ಸಣ್ಣ ಅಲೆಯ ಗುರುತು ಕಂಡಿತು. ಅದು ನೀರಿನ ಕೊಳವೆ ಗೋಡೆಯೊಳಗೆ ಹೋಗುವ ಸಂದಿನ ತನಕ ಹೋಗಿ ಅಲ್ಲಿ ನಿಂತಿತ್ತು. ಗೋಡೆಯ ಆ ಕಡೆ ನನ್ನ ಮನೆ.

ನನ್ನ ಮನೆಯನ್ನೂ ಜಾಲಾಡಿದೆವು. ಏನೂ ಸಿಗಲಿಲ್ಲ. ಹೆಸ್ಟರ್‌ಗೆ ಊಟ ಸೇರದಾಯಿತು. “ಈ ಚಳೀಲಿ ಗೋಡೆಯೊಳಗೆ ಸತ್ತಿರುತ್ತೆ,” ಎಂದು ಒಂದು ದಿನ ಬಹಳ ಶಾಂತವಾಗಿ ಅಂದಳು. ಅಳುವುದಕ್ಕಿಂತ ಅದು ಕೆಟ್ಟದಾಗಿತ್ತು. ಹಿಟ್ಟಿನ ಗೆರೆಯನ್ನು ಮಾತ್ರ ನಿಲ್ಲಿಸಲಿಲ್ಲ.

ಹನ್ನೊಂದನೆಯ ದಿನ, ಮಂಗಳವಾರ, ಮಧ್ಯಾಹ್ನ ಒಂದೂಕಾಲರ ಹೊತ್ತು. ಒಗೆದ ಟವೆಲುಗಳನ್ನು ಇಡಲು ನನ್ನ ಬಿಸಿನೀರಿನ ಹಂಡೆಯ ಕಪಾಟು ತೆರೆದೆ. ಹಂಡೆಯ ಪಕ್ಕದ ಹಲಗೆಯಲ್ಲಿ, ಮಡಿಸಿಟ್ಟ ಟವೆಲುಗಳ ಮೇಲೆ ಪಾರ್ಕಿನ್ ಸುರುಳಿ ಸುತ್ತಿ ಮಲಗಿತ್ತು.

ನಾನು ಕೂಗಲಿಲ್ಲ. ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ ಕೆಳಗಿಳಿದು ಸಲೂನಿಗೆ ಫೋನು ಮಾಡಿದೆ.

“ಡೆನೀಸ್, ನಿನ್ನ ಮಗಳ ಹಾವು ನನ್ನ ಟವೆಲ್ ಮೇಲೆ ಮಲಗಿದೆ.”

“ಯಾವ ಟವೆಲ್?”

“ಯಾವ ಟವೆಲ್ ಆದ್ರೇನೇ!”

“ಗಾಬರಿಗೆ ಏನು ಕೇಳ್ಬೇಕೋ ಗೊತ್ತಾಗ್ತಿಲ್ಲ ಮಾರ್ಜರಿ. ಮಿಸೆಸ್ ಲಮ್ ತಲೆಗೆ ಪೂರ್ತಿ ಬಣ್ಣ ಬಳಿದಿದ್ದೀನಿ, ಈಗ ಬಿಟ್ಟು ಬಂದ್ರೆ ಅವರ ಕೂದಲು ಹಸಿರಾಗುತ್ತೆ. ಅದನ್ನ ಎಲ್ಲೂ ಹೋಗೋಕೆ ಬಿಡಬೇಡಿ, ಹೆಸ್ಟರ್ ಬರೋವರೆಗೂ ಅಷ್ಟೆ. ಶಾಲೆಗೆ ಫೋನ್ ಮಾಡಿದ್ರೆ ಅವಳು ರಸ್ತೇಲಿ ಓಡ್ಕೊಂಡು ಬರ್ತಾಳೆ, ಎದೆಗೆ ಒಳ್ಳೇದಲ್ಲ.”

ಮತ್ತೆ ಕಪಾಟಿನ ಬಾಗಿಲು ತೆರೆದು, ಮುಂದೆ ಒಂದು ಮುಕ್ಕಾಲಿ ಹಾಕಿಕೊಂಡು, ಟೀ ಲೋಟ ಹಿಡಿದು ಕೂತೆ. ಹಾವಿನ ಮೈ ಉಸಿರಿಗೆ ತಕ್ಕಂತೆ ಒಂಚೂರು ಏರಿ ಒಂಚೂರು ಇಳಿಯುತ್ತಿತ್ತು. ಅದು ಬಂದು ಎರಡು ತಿಂಗಳಾಗಿದ್ದರೂ ನಾನು ಅದನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಇಟ್ಟಿಗೆ ಬಣ್ಣದ ಪ್ರತಿ ಮಚ್ಚೆಗೂ ಸುತ್ತ ಒಂದು ಕಪ್ಪು ಅಂಚಿತ್ತು, ಯಾರೋ ಕೂತು ಸಣ್ಣ ಕುಂಚದಿಂದ ಎಳೆದಂತೆ. ಸಾದಾ ಹಾವು ಎಂದಿದ್ದೆನಲ್ಲ ಎಂದುಕೊಂಡೆ.

ಎರಡೂವರೆಗೆ ಅದಕ್ಕೆ ಎಚ್ಚರವಾಯಿತು. ನಾಲಿಗೆ ಹೊರಹಾಕಿ ಗಾಳಿ ಸವರಿತು. ಆಮೇಲೆ ಹಲಗೆಯ ಹಿಂಬದಿಗೆ, ಹಂಡೆಯ ಕೊಳವೆ ಗೋಡೆ ಸೇರುವ ಸಂದಿನ ಕಡೆಗೆ ಹರಿಯತೊಡಗಿತು. ತಲೆ ಆಗಲೇ ಸಂದಿನ ಹತ್ತಿರ ಹೋಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಗೋಡೆಯೊಳಗೆ.

ನಾನು ಕೈ ಹಾಕಿದೆ. ಧೈರ್ಯದಿಂದಲ್ಲ. ನಾಲ್ಕು ಗಂಟೆಗೆ ಆ ಹುಡುಗಿಗೆ ಏನು ಹೇಳಲಿ ಎಂಬ ಭಯದಿಂದ.

ತಣ್ಣಗೆ ಜಿಗುಟಾಗಿರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಹಂಡೆಯ ಪಕ್ಕದಲ್ಲಿ ಮಲಗಿದ್ದರಿಂದ ಬೆಚ್ಚಗಿತ್ತು, ಒಣಗಿತ್ತು, ಹಳೆಯ ತೊಗಲಿನ ಕೈಚೀಲದಂತೆ ನುಣುಪಾಗಿತ್ತು. ಒಳಗೆಲ್ಲ ಬಲ. ಅದು ನನ್ನನ್ನು ಕಚ್ಚಲಿಲ್ಲ, ಹೊಲಸೂ ಚಿಮ್ಮಿಸಲಿಲ್ಲ. ಮಣಿಕಟ್ಟಿಗೆ ಎರಡು ಸುತ್ತು ಹಾಕಿ ನನ್ನ ಉಣ್ಣೆಯ ಸ್ವೆಟರಿನ ತೋಳಿನೊಳಗೆ ತಲೆ ತೂರಿಸಿ ಅಲ್ಲೇ ನಿಂತುಬಿಟ್ಟಿತು. ಕೈ ಅಲುಗಿಸದೆ ಮುಕ್ಕಾಲಿಯ ಮೇಲೆ ಕೂತೆ. ಟೀ ಆರಿಹೋಯಿತು. ಗಡಿಯಾರ ಮೂರು ಹೊಡೆಯಿತು, ಮೂರೂವರೆ ಹೊಡೆಯಿತು. ಮೊದಲ ಹದಿನೈದು ನಿಮಿಷ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಹೆಸ್ಟರ್ ಬಂದಾಗ ಮಹಡಿಯಿಂದಲೇ ಕರೆದೆ. ಅವಳು ಮೆಟ್ಟಿಲೇರಿ ಬಂದು ನನ್ನ ತೋಳು ನೋಡಿದಳು, ನನ್ನ ಮುಖ ನೋಡಿದಳು. ಹಾವನ್ನು ಬಿಡಿಸಿಕೊಂಡು ಹೊಟ್ಟೆ, ಬಾಯಿ, ಬಾಲ ಎಲ್ಲ ಸವರಿ ಪರೀಕ್ಷಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು, “ಇದನ್ನ ವಾಪಸ್ ಕೊಡ್ತೀನಿ ಆಂಟಿ. ನನ್ನ ಕೈಲಾಗಲ್ಲ,” ಅಂದಳು.

ಶನಿವಾರ ಅಂಗಡಿಗೆ ಹೋಗಿ ಅದನ್ನೇ ಹಾರ್ಸ್‌ಫಾಲ್‌ಗೂ ಹೇಳಿದಳು. ಅವರು ಹಲ್ಲಿಗಳಿಗೆ ಸೊಪ್ಪು ಹೆಚ್ಚುತ್ತಿದ್ದರು, ಚಾಕು ನಿಲ್ಲಿಸಲಿಲ್ಲ.

“ಬೀಗ ಯಾಕೆ ಹಾಕಲಿಲ್ಲ?”

“ಮರೆತೆ.”

“ಇನ್ನೊಂದ್ಸಲ ಮರೀತೀಯಾ?”

“ಇಲ್ಲ.”

“ಮತ್ತೆ ವಾಪಸ್ ತಗೊಂಡು ಇನ್ನೂ ಒಂದ್ಸಲವೂ ಮರೆತಿಲ್ಲದವರಿಗೆ ಕೊಡಲಾ?” ಎಂದು ಕೇಳಿ ತಲೆಯೆತ್ತಿದರು. “ನನ್ನದೊಂದು ಆರು ವಾರ ಈ ಮಂದಿರದ ಹಳೇ ಹಾರ್ಮೋನಿಯಂ ಒಳಗಿತ್ತು. ಹಾವು ಸಾಕಿ, ಒಂದೂ ತಪ್ಪಿಸಿಕೊಂಡಿಲ್ಲ ಅನ್ನೋನು ಸುಳ್ಳುಗಾರ. ಹೋಗು, ಮನೆಗೆ ಹೋಗಿ ಅದಕ್ಕೆ ಊಟ ಹಾಕು. ಎರಡು ವಾರದ ಹಸಿವು.”

ಅವಳು ವಾಪಸ್ ಕೊಡಲಿಲ್ಲ. ನಾನು ಒಬ್ಬ ಕೆಲಸದವನನ್ನು ಕರೆಸಿ ಗೋಡೆಯ ಎರಡೂ ಸಂದಿಗೆ ಗಾರೆ ಹಾಕಿಸಿದೆ.

ಇದಾಗಿ ಹತ್ತು ವರ್ಷ. ಹದಿನೆಂಟಕ್ಕೆ ಹೆಸ್ಟರ್ ಪ್ರಾಣಿಗಳ ಆರೈಕೆ ಕಲಿಯಲು ಯಾರ್ಕ್ ಕಡೆಯ ಕಾಲೇಜಿಗೆ ಹೋದಳು. ಹಾಸ್ಟೆಲಿನಲ್ಲಿ ಹಾವಿಗೆ ಜಾಗವಿರಲಿಲ್ಲ. ಎರಡು ವರ್ಷ ಪಾರ್ಕಿನ್ ನನ್ನ ಮುಂಗೋಣೆಯಲ್ಲಿತ್ತು. ಹತ್ತು ದಿನಕ್ಕೊಮ್ಮೆ ಇಲಿಯನ್ನು ಬಿಸಿನೀರಿನಲ್ಲಿಟ್ಟು ಹದಮಾಡಿದವಳು ನಾನೇ. ಡೆನೀಸ್ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು, “ಆಯ್ತಾ? ನುಂಗ್ತಾ?” ಎಂದು ಕೇಳುತ್ತಿದ್ದಳು.

ಹೆಸ್ಟರ್ ಕಲಿತು ಬಂದ ಮರುವರ್ಷ ಹಾರ್ಸ್‌ಫಾಲ್ ಅಂಗಡಿ ಮುಚ್ಚಿದರು. ಮೆಟ್ಟಿಲಿಳಿಯಲು ಮೊಣಕಾಲು ಕೇಳುತ್ತಿರಲಿಲ್ಲ. ಉಳಿದಿದ್ದ ಮೂವತ್ತೆಂಟು ಹಾವುಗಳಿಗೆ ಮನೆ ಹುಡುಕಲು ಅವರು ಕರೆದದ್ದು ಅವಳನ್ನೇ. ಬೇಸಿಗೆಯಿಡೀ ಇಬ್ಬರೂ ಅಲ್ಲಿ ಕೂತು, ಬಂದವರನ್ನೆಲ್ಲ ಪ್ರಶ್ನೆ ಕೇಳಿ ಕೇಳಿ ದಣಿಸಿದರು. ಆ ಮುದುಕನಿಗಿಂತ ಅವಳೇ ಬಿಗಿ ಎಂದು ಊರಲ್ಲಿ ಮಾತಾಯಿತು. ಈಗ ಹಾರ್ಸ್‌ಫಾಲ್ ಕಡಲತೀರದ ವಿಟ್ಬಿಯಲ್ಲಿ ಸೋದರಸೊಸೆಯ ಮನೆಯಲ್ಲಿದ್ದಾರೆ. ಅಲ್ಲಿ ಹಾವು ಸಾಕಲು ಬಿಡುವುದಿಲ್ಲವಂತೆ. ಕಡಲಹಕ್ಕಿಗಳಿಗೆ ಬೈಯುತ್ತ ಕೂತಿರುತ್ತೇನೆ ಎಂದು ಕಾಗದ ಬರೆಯುತ್ತಾರೆ.

ಹೆಸ್ಟರ್‌ಗೆ ಹಡರ್ಸ್‌ಫೀಲ್ಡ್ ಬಳಿಯ, ಜನ ಬಿಟ್ಟುಹೋದ ಪ್ರಾಣಿಗಳ ಆಶ್ರಯದಲ್ಲಿ ಕೆಲಸ. ಹಾವು, ಹಲ್ಲಿಗಳ ವಿಭಾಗ ಅವಳದು. ನಾಯಿಗಳ ಸಾಲು ಅಂಗಳದ ಆ ಬದಿಗಿದೆ. ಊಟದ ಬಿಡುವಿನಲ್ಲಿ ಬೇಲಿಯ ಈಚೆಯಿಂದ ಅವನ್ನು ಮಾತಾಡಿಸಿ ಬರುತ್ತಾಳಂತೆ.

ಕಳೆದ ಭಾನುವಾರ ಬೆಟ್ಟದ ಮೇಲಿನ ಒಂದು ಕುರಿ ಸಾಕುವವರ ಮನೆಯಿಂದ ಫೋನು ಬಂತು, ಕೋಳಿಗೂಡಿನಲ್ಲಿ ಭಾರಿ ಹಾವೊಂದು ಸೇರಿಕೊಂಡಿದೆ, ಯಾರೋ ಸಾಕಿದ್ದೇ ಇರಬೇಕು ಎಂದು. ರಜೆಯ ದಿನವಾದರೂ ಹೆಸ್ಟರ್ ಹೊರಟಳು. ಹವೆ ಚೆನ್ನಾಗಿದ್ದುದರಿಂದ ನಾನೂ ಕಾರು ಹತ್ತಿದೆ. ಹೋಗಿ ನೋಡಿದರೆ ಕತ್ತಲ ಮೂಲೆಯಲ್ಲಿ ಕಪ್ಪು ರಬ್ಬರ್ ಕೊಳವೆಯ ತುಂಡು. ಮನೆಯಾಕೆಗೆ ಅವಮಾನವಾಗಿ ಮುಖ ಕೆಂಪೇರಿತು.

“ನಾಲಿಗೆ ಹೊರಗೆ ಹಾಕಿದ್ದು ನಾನು ಕಣ್ಣಾರೆ ನೋಡ್ದೆ ಕಣಮ್ಮ,” ಅಂದಳು ಆಕೆ.

“ಹಾಕಿರುತ್ತೆ,” ಅಂದಳು ಹೆಸ್ಟರ್, ಒಂಚೂರೂ ನಗದೆ. ಮೊಣಕಾಲಿನ ಹುಲ್ಲು ಕೊಡವಿಕೊಂಡು, ಕೊಳವೆಯನ್ನು ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿದಳು. ನಾವು ಬೇಡವೆಂದರೂ ಬಿಡದೆ ಆಕೆ ಆರು ಮೊಟ್ಟೆ ಕೊಟ್ಟಳು. ಸಂಜೆ ನಾವು ಮೂವರೂ ಡೆನೀಸಳ ಅಡುಗೆಮನೆಯಲ್ಲಿ ಅವನ್ನು ಹುರಿದು ಬ್ರೆಡ್ಡಿನ ಜೊತೆ ತಿಂದೆವು. ಹಳದಿ ತುಂಬ ಗಾಢವಾಗಿತ್ತು. ಪೇಟೆಯಲ್ಲಿ ಅಂಥ ಮೊಟ್ಟೆ ಸಿಗುವುದಿಲ್ಲ.